ಹಾಥಾರ್ನ್‌ನ ಹಳೆಯ ವೈಭವ ಮಗನಿಗೆ ಹೇಗೆ ಹೇಳಿಕೊಡೋದು?
(ಹೆಸರಿನ ಜಾಗದಲ್ಲಿರೋದು ಬರೆದವರು ಈಗಿರುವ ಆಸ್ಟ್ರೇಲಿಯಾದ ಜಾಗ, ಆವರಣದಲ್ಲಿರೋದು ಕರ್ನಾಟಕದ ಸ್ವಂತ ಊರು.)

ಕ್ಲೇಟನ್ (ಊರು ಹಾಸನ)
ಎಲ್ಲರಿಗೂ ನಮಸ್ಕಾರ. ಮಗನಿಗೆ ಎಂಟು ವರ್ಷ. ಕ್ಲಾಸಲ್ಲಿ ಅರ್ಧಕ್ಕರ್ಧ ಮಕ್ಕಳು ಇಲ್ಲಿನ ಫುಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ತಂಡ ಹಾಥಾರ್ನ್‌ನ ಅಭಿಮಾನಿಗಳು. ಮುಂದಿನ ಗುರುವಾರ ಪ್ರತಿಯೊಬ್ಬರೂ ಮನೆಯ ಹಿರಿಯರಿಂದ ಕೇಳಿದ ಒಂದು ಫುಟಿ ನೆನಪು ಹೇಳಬೇಕಂತೆ. ಬೇರೆ ಮಕ್ಕಳಿಗೆ ತಾತಂದಿರು ಎಂಬತ್ತರ ದಶಕದ ಗ್ರಾಂಡ್ ಫೈನಲ್ (ವರ್ಷದ ಕಪ್ ತೀರ್ಮಾನಿಸೋ ಕೊನೆಯ ಪಂದ್ಯ) ಕಥೆ ಹೇಳ್ತಾರೆ, ನಮ್ಮನೇಲಿ ಯಾರು ಹೇಳ್ಬೇಕು? ಶನಿವಾರದಿಂದ ಆಸ್‌ಕಿಕ್ (ಮಕ್ಕಳ ಫುಟಿ ತರಬೇತಿ) ಬೇರೆ ಶುರು. ದಯವಿಟ್ಟು ಇಷ್ಟು ಹೇಳಿ: ಯಾವ ಪಂದ್ಯದ ಕಥೆ ಹೇಳಿಕೊಡಲಿ, ಅವನು ಒದ್ದರೆ ಚೆಂಡು ಫ್ಯಾನ್ ತರ ಅಡ್ಡ ತಿರುಗ್ತಾ ಹೋಗುತ್ತೆ ಅದನ್ನ ಸರಿ ಮಾಡೋದು ಹೇಗೆ, ಯಾವ ಸೈಜ್ ಬಾಲ್ ತರಬೇಕು? ಪೆಟ್ಟಾಗುತ್ತೆ ಅನ್ನೋ ಹೆದರಿಕೆಯೂ ಇದೆ.

ಮಲ್ಗ್ರೇವ್ (ಊರು ಮೈಸೂರು)
ಅಕ್ಕ, ಯೋಚನೆ ಮಾಡದೆ 1989ರ ಗ್ರಾಂಡ್ ಫೈನಲ್ ಹೇಳಿಕೊಡಿ. ಹಾಥಾರ್ನ್ 21.18 (144), ಜೀಲಾಂಗ್ 21.12 (138). ಈ ಲೆಕ್ಕ ಹೇಳಿಕೊಟ್ಟರೆ ಅರ್ಧ ಆಟ ಅರ್ಥ ಆದ ಹಾಗೆ. ಚುಕ್ಕೆಯ ಎಡಕ್ಕೆ ಇರೋದು ಗೋಲ್, ಒಂದಕ್ಕೆ ಆರು. ಬಲಕ್ಕೆ ಬಿಹೈಂಡ್, ಅಂದ್ರೆ ನಡುವಿನ ಎರಡು ಎತ್ತರದ ಕಂಬ ಬಿಟ್ಟು ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದದ್ದು, ಅದಕ್ಕೆ ಒಂದೇ. 21 ಆರಲೆ 126, ಅದಕ್ಕೆ 18 ಸೇರಿದರೆ 144. ಇಬ್ಬರದ್ದೂ 21 ಗೋಲೇ! ಗೆದ್ದದ್ದು ಆರು ಬಿಹೈಂಡ್‌ನಿಂದ. ಗುರಿ ಸ್ವಲ್ಪ ತಪ್ಪಿದ ಒದೆತಗಳೇ ಕಪ್ ತಂದವು.

ಮೊದಲ ಕ್ವಾರ್ಟರ್ ಮುಗಿದಾಗ ಹಾಥಾರ್ನ್ 40 ಅಂಕ ಮುಂದಿತ್ತು, ಮೂರನೆಯದು ಮುಗಿದಾಗ 36. ಕೊನೆಯ ಕ್ವಾರ್ಟರ್‌ನಲ್ಲಿ ಜೀಲಾಂಗ್ 8 ಗೋಲ್ ಹೊಡೆದು ಮೈಮೇಲೆ ಬಂತು. ಸೈರನ್ ಇನ್ನೆರಡು ನಿಮಿಷ ತಡವಾಗಿದ್ದರೆ ಚರಿತ್ರೆಯೇ ಬೇರೆ. ಶುರುವಿನಲ್ಲಿ ಅಂಪೈರ್ ಚೆಂಡು ಬೌನ್ಸ್ ಮಾಡಿದ ಕೂಡಲೇ ಜೀಲಾಂಗ್‌ನ ಮಾರ್ಕ್ ಯೇಟ್ಸ್ ಓಡಿಬಂದು ಹಾಥಾರ್ನ್‌ನ ಡರ್ಮಟ್ ಬ್ರೆರೆಟನ್‌ಗೆ ಗುದ್ದಿದ. ಪಕ್ಕೆಲುಬು ಮುರಿದಿತ್ತು, ಮೂತ್ರಪಿಂಡಕ್ಕೂ ಏಟು. ಆದರೂ ಮೈದಾನ ಬಿಡಲಿಲ್ಲ, ಸ್ವಲ್ಪ ಹೊತ್ತಿಗೆ ಚೆಂಡು ಮಾರ್ಕ್ ಮಾಡಿ (ಒದ್ದು ಬಂದ ಚೆಂಡನ್ನ ಗಾಳಿಯಲ್ಲೇ ಹಿಡಿದು) ಗೋಲ್ ಹೊಡೆದ. ರಾಬರ್ಟ್ ಡಿಪಿಯರ್‌ಡೊಮೆನಿಕೊ ಶ್ವಾಸಕೋಶ ತೂತಾಗಿಯೂ ಆಡಿದ. ಅದು ತಂಡ!

ಜೀಲಾಂಗ್ (ಊರು ಹುಬ್ಬಳ್ಳಿ)
ಅರ್ಧಾ ಕಥಿ ಹೇಳಬ್ಯಾಡ್ರಿ ಸರ. ಆ ದಿನ ಸೋತ ತಂಡದ ಗ್ಯಾರಿ ಏಬ್ಲೆಟ್ ಒಬ್ಬನ 9 ಗೋಲ್ ಹೊಡದಾನ. ಗ್ರಾಂಡ್ ಫೈನಲ್‌ನಾಗ ಶ್ರೇಷ್ಠ ಆಟಗಾರಗ ಕೊಡೋ ನಾರ್ಮ್ ಸ್ಮಿತ್ ಪದಕ ಸೋತವ್ರ ಕಡೆ ಬಂತು ನೋಡ್ರಿ. ಹುಡುಗಗ ಅದನ್ನೂ ಹೇಳ್ರಿ. ಮೈದಾನದಾಗ ಹಾಥಾರ್ನ್‌ನವ್ರು ಅಷ್ಟ ಇರಲಿಲ್ಲ.

ಗ್ಲೆನ್ ವೇವರ್ಲಿ (ಊರು ಬೆಂಗಳೂರು)
ಎಂಬತ್ತರ ದಶಕವನ್ನು ಇಲ್ಲಿ ಎಲ್ಲರೂ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. 1983ರಲ್ಲಿ ಲೀಗ್‌ನಲ್ಲಿ ಇದ್ದದ್ದು 12 ತಂಡ. ಸಿಡ್ನಿ ಬಿಟ್ಟರೆ ಎಲ್ಲವೂ ವಿಕ್ಟೋರಿಯಾದವು. ಹುಡುಗರನ್ನು ಪ್ರದೇಶ ಹಂಚಿಕೊಂಡು ಆರಿಸುತ್ತಿದ್ದರು, ಯಾರ ಪಾಲಿಗೆ ಒಳ್ಳೆಯ ಪ್ರದೇಶ ಬಂತೋ ಅವರ ಪುಣ್ಯ. ಬ್ರೆರೆಟನ್ ಬಂದದ್ದೇ ಫ್ರಾಂಕ್‌ಸ್ಟನ್ ಕಡೆಯಿಂದ. ರಾಷ್ಟ್ರೀಯ ಡ್ರಾಫ್ಟ್, ಅಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಪದ್ಧತಿ, ಬಂದದ್ದು 1986ರಲ್ಲಿ. 2013, 14, 15ರಲ್ಲಿ 18 ತಂಡ, ಸಂಬಳಕ್ಕೆ ಮಿತಿ, ಸೋತ ತಂಡಕ್ಕೇ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. ಗೆದ್ದವರನ್ನು ಕೆಳಗೆಳೆಯಲೆಂದೇ ಇರುವ ವ್ಯವಸ್ಥೆಯಲ್ಲಿ ಹಾಥಾರ್ನ್ ಸತತ ಮೂರು ಸಲ ಗೆದ್ದದ್ದು ಬೇರೆಯದೇ ಮಟ್ಟ. ಫ್ರೀಮ್ಯಾಂಟಲ್ ಮೇಲೆ 15, ಸಿಡ್ನಿ ಮೇಲೆ 63, ವೆಸ್ಟ್ ಕೋಸ್ಟ್ ಮೇಲೆ 46 ಅಂಕ. ಮಗುವಿಗೆ ಹೇಳಬೇಕಾದದ್ದು ಇದು.

ಬರ್ವಿಕ್ (ಊರು ಉಡುಪಿ)
ಮೇಡಂ, ಒದೆತದ ವಿಷಯ ಹೇಳುತ್ತೇನೆ. ಚೆಂಡು ಫ್ಯಾನಿನ ಹಾಗೆ ತಿರುಗುವುದಕ್ಕೆ ಕಾಲು ಕಾರಣ ಅಲ್ಲ, ಕೈ ಕಾರಣ. ಬೀಳುವಾಗಲೇ ಚೆಂಡು ಓರೆ ಆಗಿರುತ್ತದೆ.

ಡ್ರಾಪ್ ಪಂಟ್‌ಗೆ (ಚೆಂಡನ್ನು ಕೈಯಿಂದ ಬಿಟ್ಟು ನೆಲಕ್ಕೆ ತಾಗುವ ಮೊದಲೇ ಒದೆಯುವುದು) ಚೆಂಡಿನ ಎರಡು ಬದಿಗೆ ಎರಡು ಕೈ, ಬೆರಳು ಅಗಲಿಸಿ, ಹೆಬ್ಬೆರಳು ಲೇಸಿನ ಪಕ್ಕ. ಚೆಂಡು ಒದೆಯುವ ಕಾಲಿನ ತೊಡೆಯ ನೇರಕ್ಕೆ ಇರಬೇಕು, ಹೊಟ್ಟೆಯ ನಡುವಿನಲ್ಲಿ ಅಲ್ಲ. ಬಲಗಾಲಿನವನಾದರೆ ಎಡಗೈ ಮೊದಲು ಬಿಡಬೇಕು. ಬಲಗೈ ಒಂದೇ ಚೆಂಡನ್ನು ಸೊಂಟದ ಮಟ್ಟದಿಂದ ಕೆಳಗೆ ಕರೆದುಕೊಂಡು ಹೋಗಿ ಬಿಡುವುದು. ಮೇಲೆ ಎಸೆದು ಒದೆಯುವುದು ಬೇಡವೇ ಬೇಡ, ಎಲ್ಲ ಮಕ್ಕಳೂ ಮೊದಲು ಮಾಡುವ ತಪ್ಪು ಅದು. ಕಾಲ್ಬೆರಳು ಮುಂದಕ್ಕೆ ಚಾಚಿ, ಹಿಮ್ಮಡಿಯ ಗಂಟು ಬಿಗಿ ಇಟ್ಟು, ಬೂಟಿನ ಲೇಸ್ ಕಟ್ಟುವ ಜಾಗದಿಂದ ಚೆಂಡಿನ ಕೆಳತುದಿಗೆ ಹೊಡೆಯಬೇಕು. ಸರಿ ಬಿದ್ದರೆ ಚೆಂಡು ತುದಿ ಮೇಲೆ ತುದಿಯಾಗಿ ಹಿಮ್ಮುಖ ತಿರುಗುತ್ತಾ ನೇರ ಹೋಗುತ್ತದೆ. ಗಂಟು ಸಡಿಲ ಇದ್ದರೆ ಹತ್ತಿರದಲ್ಲೇ ಬೀಳುತ್ತದೆ, ಕಾಲು ಅಡ್ಡ ಬೀಸಿದರೆ ಚೆಂಡೂ ಅಡ್ಡ ವಾಲುತ್ತದೆ.

ಎರಡು ದಿನ ಒದೆಯಲು ಬಿಡಬೇಡಿ. ನಿಂತಲ್ಲಿಂದ ಚೆಂಡನ್ನು ಹುಲ್ಲಿನ ಮೇಲೆ ನೆಟ್ಟಗೆ ಬೀಳಿಸಲಿ. ಕೆಳತುದಿ ನೆಲಕ್ಕೆ ತಾಗಿ ಅವನ ಕಡೆಗೇ ಪುಟಿದು ಬಂದರೆ ಕೈ ಸರಿ ಎಂದು ಅರ್ಥ. ಆಮೇಲೆ ಹತ್ತು ಮೀಟರ್ ದೂರಕ್ಕೆ ಮೆಲ್ಲ ಒದೆಯಲಿ, ಜೋರು ಈಗ ಬೇಡ.

ನಮ್ಮ ಮಕ್ಕಳಿಗೆ ಕ್ರಿಕೆಟ್ ಅಭ್ಯಾಸ ಇರುವುದರಿಂದ ಇನ್ನೊಂದು ತಪ್ಪು ಆಗುತ್ತದೆ. ಚೆಂಡು ಸಿಕ್ಕಿದ ಕೂಡಲೇ ಎಸೆಯುತ್ತಾರೆ. ಇಲ್ಲಿ ಎಸೆದರೆ ಎದುರಾಳಿಗೆ ಫ್ರೀ ಕಿಕ್. ಒಂದು ಅಂಗೈ ಮೇಲೆ ಚೆಂಡು ಇಟ್ಟು ಇನ್ನೊಂದು ಕೈ ಮುಷ್ಟಿಯಿಂದ ಹೊಡೆಯಬೇಕು, ಹೆಬ್ಬೆರಳು ಮುಷ್ಟಿಯ ಹೊರಗೆ. ಒಳಗೆ ಮಡಚಿದರೆ ಉಳುಕುತ್ತದೆ.

ಗ್ಲೆನ್ ವೇವರ್ಲಿ (ಊರು ಬೆಂಗಳೂರು)
ಕಿಕ್ ಎಲ್ಲ ಕೋಚ್ ಹೇಳಿಕೊಡುತ್ತಾರೆ. ನಾನು ಹೇಳುತ್ತಿರುವುದು ಅದಕ್ಕಿಂತ ದೊಡ್ಡ ವಿಷಯ. 2008ರ ಫೈನಲ್ ತೆಗೆದುಕೊಳ್ಳಿ. ಜೀಲಾಂಗ್ 11.23 (89), ಹಾಥಾರ್ನ್ 18.7 (115). ಜೀಲಾಂಗ್ ಒಟ್ಟು 34 ಸಲ ಅಂಕ ಗಳಿಸಿತು, ಹಾಥಾರ್ನ್ 25 ಸಲ ಮಾತ್ರ. ಆದರೂ 26 ಅಂಕದ ಗೆಲುವು. ಕ್ಲಾರ್ಕ್‌ಸನ್ ಕೋಚ್ ಆಗಿ ಮೈದಾನದ ಜಾಗ ಕಾಯುವುದನ್ನು ಕಲಿಸಿದ ಫಲ ಅದು. ಆಟಗಾರನನ್ನು ಹಿಂಬಾಲಿಸುವ ಬದಲು ಜಾಗ ಹಿಡಿದು ನಿಲ್ಲುವುದು. ಎದುರಾಳಿಗೆ ಗೋಲಿನ ನೇರಕ್ಕೆ ದಾರಿ ಸಿಗುವುದಿಲ್ಲ, ಬದಿಯ ಓರೆಯಿಂದ ಒದೆಯಬೇಕಾಗುತ್ತದೆ, ಗೋಲಿನ ಬದಲು ಬಿಹೈಂಡ್ ಬೀಳುತ್ತದೆ. ಎಂಬತ್ತರಲ್ಲಿ ಈ ಬುದ್ಧಿ ಎಲ್ಲಿತ್ತು?

ಅದಾದ ಮೇಲೆ ಜೀಲಾಂಗ್ ಎದುರು ಸತತ 11 ಸೋಲು. ಅದು ಮುರಿದದ್ದು 2013ರಲ್ಲಿ ಗ್ರಾಂಡ್ ಫೈನಲ್‌ಗೆ ಮುಂಚಿನ ಪ್ರಿಲಿಮಿನರಿ ಫೈನಲ್‌ನಲ್ಲಿ, 5 ಅಂಕದಿಂದ. ಆ ಸೀಸನ್ ಮುಗಿದ ಮೇಲೆ ಹಾಥಾರ್ನ್‌ನ ದೊಡ್ಡ ಆಟಗಾರ ಲ್ಯಾನ್ಸ್ ಫ್ರಾಂಕ್ಲಿನ್ ತಂಡ ಬಿಟ್ಟು ಸಿಡ್ನಿಗೆ ಹೋದ. ಮುಂದಿನ ವರ್ಷ ಅವನಿದ್ದ ಸಿಡ್ನಿಯನ್ನೇ ಫೈನಲ್‌ನಲ್ಲಿ ಬಗ್ಗುಬಡಿದರು. ಇದಕ್ಕಿಂತ ಇನ್ನೇನು ಬೇಕು?

ಮಲ್ಗ್ರೇವ್ (ಊರು ಮೈಸೂರು)
1983ರಿಂದ 1989ರ ತನಕ ಏಳು ವರ್ಷ, ಏಳು ಗ್ರಾಂಡ್ ಫೈನಲ್. ನಾಲ್ಕು ಗೆಲುವು. 83ರಲ್ಲಿ ಎಸೆಂಡನ್ ಮೇಲೆ 83 ಅಂಕ, 88ರಲ್ಲಿ ಮೆಲ್ಬರ್ನ್ ಮೇಲೆ 96 ಅಂಕ. 85ರಲ್ಲಿ ಸೋತಾಗಲೂ ಬ್ರೆರೆಟನ್ 8 ಗೋಲ್ ಹೊಡೆದಿದ್ದ. ಜೇಸನ್ ಡನ್‌ಸ್ಟಾಲ್ ಒಟ್ಟು 1254 ಗೋಲ್. ಮೈಕಲ್ ಟಕ್ 426 ಪಂದ್ಯ, ಏಳು ಕಪ್ ಅಂದ್ರೆ ಪ್ರೀಮಿಯರ್‌ಶಿಪ್. ಹೇಳಿ ಸರ್, 2013ರ ತಂಡದಲ್ಲಿ ಏಳು ಗೆದ್ದವರು ಯಾರಿದ್ದಾರೆ? ಏಳು ಸತತ ಫೈನಲ್ ಇನ್ಯಾರೂ ಆಡಿಲ್ಲ.

ಬ್ರಿಸ್ಬೇನ್ (ಊರು ಶಿವಮೊಗ್ಗ)
ಒಂದು ತಿದ್ದುಪಡಿ. 1954ರಿಂದ 1960ರವರೆಗೆ ಮೆಲ್ಬರ್ನ್ ಕೂಡ ಸತತ ಏಳು ಆಡಿತ್ತು, ಐದು ಗೆದ್ದಿತ್ತು. ಮಗು ಕ್ಲಾಸಲ್ಲಿ "ಯಾರೂ ಆಡಿಲ್ಲ" ಅಂದರೆ ಯಾರದಾದರೂ ತಾತ ಮೆಲ್ಬರ್ನ್ ಕಡೆಯವರಿದ್ದು ಬೇಜಾರಾಗುತ್ತಾರೆ. 88ರಲ್ಲಿ ಹಾಥಾರ್ನ್ ಕೋಚ್ ಅಲನ್ ಜೀನ್ಸ್ ಅನಾರೋಗ್ಯದಿಂದ ದೂರ ಇದ್ದರು, ತಂಡ ನಡೆಸಿದ್ದು ಅಲನ್ ಜಾಯ್ಸ್. ಇದೂ ಗೊತ್ತಿರಲಿ.

ಟಾರ್ನೀಟ್ (ಊರು ದಾವಣಗೆರೆ)
ನಮ್ಮ ಮಗುವಿಗೆ ನಮ್ಮ ದಾರೀಲೇ ಹೇಳಬಹುದು ಅಕ್ಕ. ಕರ್ನಾಟಕ ರಣಜಿ ಗೆದ್ದ ವರ್ಷಗಳನ್ನ ಪಕ್ಕಕ್ಕಿಟ್ಟು ನೋಡಿ. 1977-78ರಲ್ಲಿ ನಾವು, 78ರಲ್ಲಿ ಹಾಥಾರ್ನ್. 1982-83ರಲ್ಲಿ ನಾವು, 83ರಲ್ಲಿ ಹಾಥಾರ್ನ್. ವಿನಯ್ ಕುಮಾರ್ ನಾಯಕತ್ವದಲ್ಲಿ 2013-14, 2014-15 ಸತತ ಎರಡು ಸಲ ನಾವು, ಅದೇ ಕಾಲಕ್ಕೆ ಲ್ಯೂಕ್ ಹಾಜ್ ನಾಯಕತ್ವದಲ್ಲಿ ಅವರು. ಹಾಸನದ ತಾತನಿಗೆ ಫುಟಿ ಗೊತ್ತಿಲ್ಲದಿರಬಹುದು, 82-83ರ ರಣಜಿ ಫೈನಲ್‌ನಲ್ಲಿ ಬಾಂಬೆಯನ್ನ ಸೋಲಿಸಿದ್ದು ಗೊತ್ತಿರುತ್ತೆ. ವಿಡಿಯೋ ಕಾಲ್ ಮಾಡಿ ಅದನ್ನ ಕೇಳಿಸಿ. ಹಿರಿಯರ ನೆನಪೂ ಆಯ್ತು, ಕನ್ನಡ ಮಾತೂ ಆಯ್ತು.

ಗ್ಲೆನ್ ವೇವರ್ಲಿ (ಊರು ಬೆಂಗಳೂರು)
ರಣಜಿಗೂ ಇದಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಬೆಳೆಯುವ ಮಗುವಿಗೆ ಇಲ್ಲಿನ ಚರಿತ್ರೆಯನ್ನು ಪೂರ್ತಿ ಕೊಡಬೇಕು. 1996 ಹೇಳದೆ ಹಾಥಾರ್ನ್ ಅರ್ಥವಾಗದು. ಎಂಬತ್ತರ ಆ ಎಲ್ಲ ವೈಭವದ ನಂತರ, 1991ರಲ್ಲಿ ವೇವರ್ಲಿ ಪಾರ್ಕ್‌ನಲ್ಲಿ ವೆಸ್ಟ್ ಕೋಸ್ಟ್ ವಿರುದ್ಧ ಗೆದ್ದ ಐದೇ ವರ್ಷಕ್ಕೆ ಕ್ಲಬ್ ಹತ್ತಿರ ಹಣವಿರಲಿಲ್ಲ. ಮೆಲ್ಬರ್ನ್ ಕ್ಲಬ್ ಜೊತೆ ವಿಲೀನ ಆಗಬೇಕಿತ್ತು. ಸದಸ್ಯರ ಸಭೆಯಲ್ಲಿ ಹಾಥಾರ್ನ್‌ನ ಮಾಜಿ ನಾಯಕ ಡಾನ್ ಸ್ಕಾಟ್ ವಿಲೀನ ತಂಡದ ಜರ್ಸಿ ಎತ್ತಿ ಹಿಡಿದು, ಅದರ ಮೇಲೆ ವೆಲ್ಕ್ರೋದಲ್ಲಿ ಅಂಟಿಸಿದ್ದ ಹಾಥಾರ್ನ್ ಲಾಂಛನ ಗಿಡುಗದ ಚಿತ್ರವನ್ನು ಪರ್ ಎಂದು ಕಿತ್ತರು. ಕೆಳಗೆ ಉಳಿದದ್ದು ಬರೀ ಮೆಲ್ಬರ್ನ್ ಜರ್ಸಿ. ಹಾಥಾರ್ನ್ ಸದಸ್ಯರು ವಿಲೀನ ತಿರಸ್ಕರಿಸಿದರು. ಆ ಮತ ಬೀಳದಿದ್ದರೆ 2008 ಇಲ್ಲ, 2013 ಇಲ್ಲ. ವೈಭವ ಎಂದರೆ ಕಪ್ ಎಣಿಸುವುದು ಎಂದುಕೊಂಡವರಿಗೆ ಇದು ತಿಳಿಯುವುದಿಲ್ಲ.

ಮಲ್ಗ್ರೇವ್ (ಊರು ಮೈಸೂರು)
ಈಗ ತಾನೆ 63, 46 ಅಂತ ಎಣಿಸಿದವರು ನೀವೇ ಸರ್. ವಿಲೀನ ಬೇಡ ಅಂತ ಜನ ಮತ ಹಾಕಿದ್ದೇ ಎಂಬತ್ತರ ತಂಡದ ಮೇಲಿನ ಪ್ರೀತಿಗೆ.

ಪಾಯಿಂಟ್ ಕುಕ್ (ಊರು ಧಾರವಾಡ)
ಬ್ರೆರೆಟನ್ ಪಕ್ಕೆಲುಬಿನ ಕಥಿ ಹುಡುಗಗ ಶೌರ್ಯ ಅಂತ ಹೇಳಬ್ಯಾಡ್ರಿ. ಅದ ಪಂದ್ಯದಾಗ ಹಾಥಾರ್ನ್‌ನ ಜಾನ್ ಪ್ಲಾಟನ್ ತಲಿಗೆ ಪೆಟ್ಟಾಗಿ ಹೊರಗ ಹೋದ. ಈಗಿನ ನಿಯಮ ಬ್ಯಾರೆ ಅದ. ತಲಿಗೆ ಪೆಟ್ಟಾಗಿ ಕಂಕಷನ್ (ಮೆದುಳಿಗೆ ಏಟು) ಅಂದ್ರ ಸಮುದಾಯ ಫುಟಿಯೊಳಗ ಕನಿಷ್ಠ 21 ದಿನ ಪಂದ್ಯ ಇಲ್ಲ, ವೈದ್ಯರ ಒಪ್ಪಿಗಿನೂ ಬೇಕು. ತಲಿ ನೋವು, ವಾಂತಿ, ಮಂಕು ಕಂಡ್ರ "ಏನಾಗಲ್ಲ ಆಡು" ಅನಬ್ಯಾಡ್ರಿ. ಆಸ್‌ಕಿಕ್‌ನಾಗ ಟ್ಯಾಕಲ್ ಇರೂದಿಲ್ಲ, ಹೆದರಿಕಿ ಬ್ಯಾಡ.

ಇನ್ನೊಂದು. 2015 ಅಂದ್ರ ಬರೀ ಮೂರನೇ ಕಪ್ ಅಲ್ಲ. ಅದ ವರ್ಷ ಸಿಡ್ನಿಯ ಆಡಮ್ ಗುಡ್ಸ್‌ಗ ಮೈದಾನದಿಂದ ಮೈದಾನಕ್ಕ ಜನ ಕೂಗಿ ಅವಮಾನ ಮಾಡಿದ್ರು. ಎರಡು ಸಲ ಬ್ರೌನ್‌ಲೋ (ಲೀಗಿನ ವರ್ಷದ ಶ್ರೇಷ್ಠ ಆಟಗಾರನ ಪದಕ) ಗೆದ್ದಾಂವ, ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯದಾಂವ. ಆ ವರ್ಷನ ಆಟ ಬಿಟ್ಟ. 2019ರಾಗ ಲೀಗ್, 18 ಕ್ಲಬ್ ಎಲ್ಲಾ ಕ್ಷಮೆ ಕೇಳಿದ್ರು. ನಮ್ಮ ಬಣ್ಣದ ಮಕ್ಕಳಿಗೆ ಇದು ಗೊತ್ತಿರಬೇಕು.

ಕ್ಲೇಟನ್ (ಊರು ಹಾಸನ)
ಎಲ್ಲರಿಗೂ ಧನ್ಯವಾದ. ಮಗ 1989 ಆರಿಸ್ಕೊಂಡ, ಇಬ್ಬರದ್ದೂ 21 ಗೋಲ್ ಅನ್ನೋದು ಅವನಿಗೆ ಬಹಳ ಹಿಡಿಸ್ತು. ಏಬ್ಲೆಟ್ ಹೆಸರೂ ಹೇಳ್ತಾನೆ. ಬಾಲ್ ಸೈಜ್ ಮಾತ್ರ ಇನ್ನೂ ಗೊತ್ತಾಗಲಿಲ್ಲ, ಶನಿವಾರ ಬೆಳಿಗ್ಗೆಗೆ ಬೇಕು.

ಗ್ಲೆನ್ ವೇವರ್ಲಿ (ಊರು ಬೆಂಗಳೂರು)
1989 ಸರಿಯಾದ ಆಯ್ಕೆ ಅಲ್ಲ ಎಂದು ಈಗಲೂ ಹೇಳುತ್ತೇನೆ. 2013ರ ಫೈನಲ್‌ನಲ್ಲಿ ಬ್ರಯನ್ ಲೇಕ್ ಹಿಂದೆ ನಿಂತು ತಡೆದದ್ದನ್ನು ನೋಡಿಸಿ. ಡಿಫೆಂಡರ್‌ಗೆ ನಾರ್ಮ್ ಸ್ಮಿತ್ ಸಿಕ್ಕಿದ ಪಂದ್ಯ ಅದು. ಒದೆಯುವುದಷ್ಟೇ ಆಟ ಅಲ್ಲ ಎಂದು ಮಗುವಿಗೆ ತಿಳಿಯುತ್ತದೆ.

ಬರ್ವಿಕ್ (ಊರು ಉಡುಪಿ)
ಮೇಡಂ, ದೊಡ್ಡವರು ಆಡುವುದು ಸೈಜ್ 5. ಅದನ್ನು ತರಬೇಡಿ, ಸಣ್ಣ ಕೈಯಲ್ಲಿ ಹಿಡಿತ ಸಿಗದೆ ಮತ್ತೆ ಓರೆಯೇ ಬೀಳುತ್ತದೆ. ಎಂಟು ವರ್ಷಕ್ಕೆ 1 ಅಥವಾ 2. ಶನಿವಾರ ಅವರ ಗುಂಪಿನಲ್ಲಿ ಬಳಸುವ ಚೆಂಡು ನೋಡಿ ಅದೇ ಅಳತೆ ತನ್ನಿ, ಮೊದಲ ದಿನಕ್ಕೆ ಸ್ವಂತ ಚೆಂಡು ಇಲ್ಲದಿದ್ದರೂ ನಡೆಯುತ್ತದೆ. ಚರ್ಮದ್ದು ಬೇಡ, ಸಿಂಥೆಟಿಕ್ ಸಾಕು, ಒದ್ದೆ ಹುಲ್ಲಿನಲ್ಲಿ ಭಾರ ಆಗುವುದಿಲ್ಲ. ಬೂಟು ಅಡಿಯಲ್ಲೇ ಅಚ್ಚಾದ ಸ್ಟಡ್ ಇರುವಂಥದ್ದು, ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ಬೇಡ. ಮೌತ್‌ಗಾರ್ಡ್ ಬಿಸಿನೀರಿನಲ್ಲಿ ಅದ್ದಿ ಕಚ್ಚಿಸುವಂಥದ್ದೇ ತನ್ನಿ. ಹಾಲುಹಲ್ಲು ಬೀಳುವ ವಯಸ್ಸು, ದಂತವೈದ್ಯರ ಹತ್ತಿರ ಅಳತೆ ಕೊಟ್ಟು ಮಾಡಿಸಿದರೆ ಬೇಗ ಬಿಗಿ ಆಗಿಬಿಡುತ್ತದೆ. ನೀರಿನ ಬಿಸಿ, ಎಷ್ಟು ಸೆಕೆಂಡು ಎಂಬುದು ಪೊಟ್ಟಣದ ಮೇಲೆ ಇರುತ್ತದೆ, ಶುಕ್ರವಾರ ರಾತ್ರಿಯೇ ಮಾಡಿಡಿ.