ಅಪ್‌ಡೇಟ್: ಶೀರ್ಷಿಕೆ ಪ್ರಯೋಗ ತಿದ್ದಿದ್ದಾಯ್ತು
ಭಯ ಹುಟ್ಟಿಸುವ ಶೀರ್ಷಿಕೆಯಿಂದ ಸುದ್ದಿಯ ಮೇಲಿನ ನಂಬಿಕೆ ಕುಗ್ಗುತ್ತಾ ಅಂತ ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳಲ್ಲಿ ನೋಡೋದು ಹೇಗೆಂದು ಕೇಳಿದ್ದೆನಲ್ಲ. ಸೆಕ್ಷನ್‌ಗೊಂದು ಶೀರ್ಷಿಕೆ ಕೊಡುವ ಯೋಚನೆ ಬಿಟ್ಟೆ. ಎರಡು ಸೆಕ್ಷನ್‌ಗಳ ನಡುವೆ ಮೊದಲೇ ಇರುವ ವ್ಯತ್ಯಾಸವೇ ಶೀರ್ಷಿಕೆಯ ಪ್ರಭಾವದಂತೆ ಕಾಣಬಹುದು. ಈಗ ಯಾರಿಗೆ ಯಾವ ಶೀರ್ಷಿಕೆ ಅನ್ನೋದಕ್ಕೆ ಒಬ್ಬೊಬ್ಬರಿಗೂ ಲಾಟರಿ.

ದೊಡ್ಡ ಎಡವಟ್ಟು ಶೀರ್ಷಿಕೆಯಲ್ಲೇ ಇತ್ತು. ‘ಕೆರೆ ನುಂಗಿದ ಭೂಗಳ್ಳರು’, ‘ಕೆರೆ ಸರ್ವೆ ಶುರು’: ಇಲ್ಲಿ ಭಯದ ಜೊತೆ ಮಾಹಿತಿಯೂ ಬದಲಾಗಿತ್ತು. ಈಗ ಎರಡರಲ್ಲೂ ‘ಕೆರೆ ಒತ್ತುವರಿ: ಸರ್ವೆ ಶುರು’, ಒಂದಕ್ಕೆ ಮಾತ್ರ ಮುಂದೆ ‘ಬೆಚ್ಚಿಬೀಳಿಸುವ’. ಫೋಟೋ, ಫಾಂಟ್ ಅದೇ.

ಮಧ್ಯಮ ಪರಿಣಾಮ 0.5 (ಎರಡು ಗುಂಪಿನ ಸರಾಸರಿಗಳ ಅಂತರ, ಪ್ರಮಾಣಿತ ವಿಚಲನೆಯ ಅರ್ಧದಷ್ಟು), ಪವರ್ (ಪರಿಣಾಮ ನಿಜಕ್ಕೂ ಇದ್ದರೆ ಅದು ಸಿಕ್ಕಿಬೀಳುವ ಸಾಧ್ಯತೆ) ಶೇ. 80, ಮಟ್ಟ (ಪರಿಣಾಮ ಇಲ್ಲದಿದ್ದರೂ ಇದೆ ಅಂತ ತಪ್ಪಾಗಿ ಹೇಳುವ ಸಾಧ್ಯತೆ) 0.05 ಹಿಡಿದರೆ ಗುಂಪಿಗೆ 64 ಜನ ಬೇಕು. ಅರ್ಧಕ್ಕೆ ಬಿಡುವವರಿರುತ್ತಾರೆ, 75 ಇಟ್ಟಿದ್ದೇನೆ. ‘ಶೀರ್ಷಿಕೆ ಭಯ ಹುಟ್ಟಿಸಿತೇ?’ ಅನ್ನೋ ಪ್ರಶ್ನೆ ನಂಬಿಕೆಯ ಪ್ರಶ್ನೆಗಳಾದ ಮೇಲೆ. ಮೊದಲೇ ಕೇಳಿದರೆ ಗುಟ್ಟು ರಟ್ಟು.