ಗೋಡೆಯಾಚೆ ಕಾಣುವ ಅಜ್ಜಿಯನ್ನು ತಿದ್ದಬೇಕೆ?

ಪ್ರಶ್ನೆ: ಐದು ವರ್ಷದ ನನ್ನ ಮಗಳು ಮನೆಯ ಚಿತ್ರ ಬರೆದಾಗಲೆಲ್ಲ, ಗೋಡೆಯೇ ಇಲ್ಲವೆಂಬಂತೆ, ಒಳಗೆ ದೋಸೆ ಹುಯ್ಯುತ್ತಿರುವ ಅಜ್ಜಿಯನ್ನೂ ತೋರಿಸುತ್ತಾಳೆ. ಶಿಕ್ಷಕಿಯೊಬ್ಬರು ಅದನ್ನು ತಪ್ಪೆಂದು ಅಳಿಸಿದರು. ನಾನೂ ತಿದ್ದಬೇಕೆ?

ಉತ್ತರ 1: ಖಂಡಿತ ಬೇಡ. ಫ್ರಾನ್ಸಿನ ವಿದ್ವಾಂಸ ಲ್ಯೂಕೆ 1927ರಲ್ಲೇ ವಿವರಿಸಿದಂತೆ, ಈ ವಯಸ್ಸಿನ ಮಗು ಕಣ್ಣಿಗೆ ಕಾಣುವುದನ್ನಲ್ಲ, ತನಗೆ ಗೊತ್ತಿರುವುದನ್ನು ಬರೆಯುತ್ತದೆ. ಅಜ್ಜಿ ಒಳಗಿರುವುದು ಗೊತ್ತಿರುವಾಗ ಗೋಡೆ ಆಕೆಯನ್ನು ಮರೆಮಾಡಬೇಕಾದ ಕಾರಣವೇ ಅದಕ್ಕೆ ತೋರುವುದಿಲ್ಲ. ಬೆಳೆಯುತ್ತ ಹೋದಂತೆ ಈ ಪಾರದರ್ಶಕ ಗೋಡೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ (ದೊಡ್ಡವರಿಗೆ ಅದೇಕೆ ಅಷ್ಟು ಅವಸರವೋ!).

ಉತ್ತರ 2: ಒಪ್ಪುತ್ತೇನೆ. ಆದರೆ "ಇದೇನು?" ಎನ್ನುವ ಬದಲು "ಇದರ ಕಥೆ ಹೇಳು" ಎನ್ನಿ. ಮಗ ಗೀಚಿದ ಕಪ್ಪು ಉಂಡೆಯನ್ನು ನಾನು ಮೋಡವೆಂದುಕೊಂಡಿದ್ದೆ. ಅದು ಕರೆಂಟು ಹೋದ ರಾತ್ರಿಯಂತೆ.

ಪ್ರಶ್ನಿಸಿದವರು: ಕೇಳಿದೆ. ಅಜ್ಜಿಯ ಸುತ್ತಲಿನ ಅಂಕುಡೊಂಕು ಗೆರೆಗಳು ದೋಸೆಯ ಘಮವಂತೆ.