ಕೆನ್ಯಾದ ಆಕ್ಥೆರಾ ನೊಣ: ಮುಖದಲ್ಲಿ ಬೆಳ್ಳಿ ಪುಡಿ ಇಲ್ಲ, ಸರ್‌ಸ್ಟೈಲಸ್ ಗಿಡ್ಡ. ಹೊಸ ಪ್ರಭೇದವೇ, ನನ್ನ ತಪ್ಪೇ?

ಕೆಸರುದಂಡೆ

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಕೆನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ಕೆಸರು ದಂಡೆಯ ಮೇಲೆ ಬೀಸುಬಲೆಗೆ ಸಿಕ್ಕ ದಂಡೆ ನೊಣಗಳು ಇವು. ಒಟ್ಟು 7 ಮಾದರಿ: 4 ಗಂಡು, 3 ಹೆಣ್ಣು. ಎಲ್ಲವೂ ಶೇ. 70ರ ಎಥನಾಲ್‌ನಲ್ಲಿವೆ.

ದಂಡೆ ನೊಣಗಳ ಕುಟುಂಬ, ಎಫಿಡ್ರಿಡೇ, ಅನ್ನೋದರಲ್ಲಿ ಅನುಮಾನ ಇಲ್ಲ. ರೆಕ್ಕೆಯ ಮುಂದಿನ ಅಂಚಿನ ಕಾಸ್ಟಾ ನಾಳ ಎರಡು ಕಡೆ ತುಂಡಾಗಿದೆ, ಬಿಎಂ ಮತ್ತು ಡಿಎಂ ಕೋಶಗಳ (ನಾಳಗಳ ನಡುವಿನ ಪೊರೆಯ ಭಾಗಗಳು) ನಡುವೆ ಅಡ್ಡನಾಳ ಇಲ್ಲ, ರೆಕ್ಕೆ ಬುಡದಲ್ಲಿ ಅನಲ್ ಕೋಶವೂ ಇಲ್ಲ. ಮುಂಗಾಲಿನ ಫೀಮರ್ (ತೊಡೆ) ಸೂರ್ಯನ ಕುದುರೆಯ ಹಾಗೆ ಊದಿಕೊಂಡಿದೆ, ಟಿಬಿಯಾ (ಕಣಕಾಲು) ಬಾಗಿ ತುದಿಗೆ ಮುಳ್ಳಾಗಿದೆ. ಹಾಗಾಗಿ ಕುಲ ಆಕ್ಥೆರಾ.

ತೊಡಕು ಪ್ರಭೇದದ್ದು. ಆಕ್ಥೆರಾ ಕ್ಯಾಲಿಬೆಸೆನ್ಸ್ ಎಂದು ಚೀಟಿ ಇರುವ, ಸೂಜಿಗೇರಿಸಿದ ಒಂದು ಗಂಡಿನ ಪಕ್ಕ ಇಟ್ಟು ನೋಡಿದಾಗ ಮೂರು ವ್ಯತ್ಯಾಸ ಕಂಡವು:

– ಅದರ ಮುಖದಲ್ಲಿ ಬೆಳ್ಳಿ ಪುಡಿ ಬಳಿದಂತಿದೆ. ನನ್ನ ಏಳರಲ್ಲೂ ಮುಖ ಬರೀ ಕಪ್ಪು, ಹೊಳಪು.
– ಅದರ ಸರ್‌ಸ್ಟೈಲಸ್ (ಗಂಡಿನ ಜನನಾಂಗದಲ್ಲಿ ಹೆಣ್ಣನ್ನು ಹಿಡಿಯುವ ತುಣುಕು) ಉದ್ದ ಅಗಲದ 1.9 ಪಟ್ಟು. ನನ್ನ ಗಂಡು 1ರಲ್ಲಿ 1.5.
– ಗಂಡು 2ರ ಪ್ಯಾಲ್ಪ್ (ಬಾಯಿಯ ಪಕ್ಕದ ಸ್ಪರ್ಶಾಂಗ) ಮಾಸಲು ಹಳದಿ, ಉಳಿದವುಗಳದ್ದು ಕಪ್ಪು.

ಹೊಟ್ಟೆ ಬಿಡಿಸಿದ್ದು ಗಂಡು 1ರದ್ದು ಮಾತ್ರ. ಸ್ನಾಯು ಕರಗಿಸಲು ಶೇ. 10ರ ಕೆಒಎಚ್‌ನಲ್ಲಿ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ನೇರ ಉರಿ ಮೇಲೆ 20 ನಿಮಿಷ ಕುದಿಸಿದೆ. ಫ್ಯಾಲಸ್ (ಶಿಶ್ನ) ಗಾಜಿನಷ್ಟು ಪಾರದರ್ಶಕ ಆಗಿದೆ, ಅದರ ಪಕ್ಕದ ಗಟ್ಟಿ ತುಣುಕು, ಅಂದರೆ ಗೋನೈಟ್, ಒಂದು ಕಡೆಯದ್ದು ಕಳಚಿ ಬಂತು. ವಿವರಣೆ ಬರೆಯೋಕೆ ಇಷ್ಟು ಸಾಕಾ?

ಗ್ಲಿಸರಿನ್ ಹನಿ

ಸಾಕಾಗಲ್ಲ. ಆದರೆ ವಸ್ತು ಚೆನ್ನಾಗಿದೆ, ಉಳಿದ ಮೂರು ಗಂಡು ಮುಟ್ಟದೇ ಇಟ್ಟಿದ್ದು ಒಳ್ಳೇದಾಯ್ತು.

ಮೊದಲು ಮುಖ. ಎಥನಾಲ್‌ನಲ್ಲಿ ಮುಳುಗಿದ ನೊಣದಲ್ಲಿ ಆ ಪುಡಿ ಕಾಣೋದೇ ಇಲ್ಲ. ಅದು ಬಣ್ಣವಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳ ಹಾಸು. ರೋಮಗಳ ನಡುವಿನ ಗಾಳಿಯಿಂದ ಬೆಳಕು ಚದುರಿ ಬೆಳ್ಳಗೆ ತೋರುತ್ತದೆ. ಗಾಳಿಯ ಜಾಗಕ್ಕೆ ದ್ರವ ಬಂದರೆ ಬೆಳ್ಳಿ ಹೋಗಿ ಕೆಳಗಿನ ಕಪ್ಪು ಚಿಪ್ಪು ಎದ್ದು ಕಾಣುತ್ತದೆ. ನೀವು ಒದ್ದೆ ಮಾದರಿಯನ್ನು ಒಣ ಮಾದರಿಯ ಪಕ್ಕ ಇಟ್ಟಿದ್ದೀರಿ, ಅಷ್ಟೇ.

ಹಾಗಂತ ಎಥನಾಲ್‌ನಿಂದ ತೆಗೆದು ಗಾಳಿಗೆ ಒಣಗಿಸಬೇಡಿ. ಕಣ್ಣು ಕುಸಿಯುತ್ತದೆ, ಮುಖದ ಉಬ್ಬು ಒಳಕ್ಕೆ ಹೋಗುತ್ತದೆ, ಆಮೇಲೆ ಮುಖದ ಆಕಾರ ಬರೆಯೋಕಾಗಲ್ಲ. ಶೇ. 70ರಿಂದ ಶೇ. 95ಕ್ಕೆ 1 ಗಂಟೆ, ಅಪ್ಪಟ ಎಥನಾಲ್ ಎರಡು ಸಲ ತಲಾ 1 ಗಂಟೆ, ಆಮೇಲೆ ಎಚ್‌ಎಂಡಿಎಸ್ (ಮಾದರಿ ಕುಸಿಯದಂತೆ ಒಣಗಿಸುವ ದ್ರಾವಕ) ಎರಡು ಸಲ ತಲಾ 30 ನಿಮಿಷ. ಕೊನೆಯ ಸಲ ನೊಣ ಮುಳುಗುವಷ್ಟೇ ದ್ರವ ಬಿಟ್ಟು ಫ್ಯೂಮ್ ಹುಡ್ (ಹಬೆ ಹೊರಗೆಳೆಯುವ ಗೂಡು) ಒಳಗೆ ತಾನಾಗಿ ಆರಲು ಬಿಡಿ. ಎಚ್‌ಎಂಡಿಎಸ್ ನೀರು ತಾಗಿದರೆ ಅಮೋನಿಯಾ ಬಿಡುತ್ತದೆ. ಆದ್ದರಿಂದ ಅಪ್ಪಟ ಎಥನಾಲ್ ಹಂತ ಹಾರಿಸಬೇಡಿ, ಹುಡ್ ಇಲ್ಲದ ಕೋಣೆಯಲ್ಲಿ ಮಾಡಲೇಬೇಡಿ. ಎಚ್‌ಎಂಡಿಎಸ್ ಸಿಗದಿದ್ದರೆ ಅಪ್ಪಟ ಎಥನಾಲ್ ಆದ ಮೇಲೆ ಈಥೈಲ್ ಅಸಿಟೇಟ್ ನಡೆಯುತ್ತದೆ.

ಒಣಗಿದ ಮೇಲೂ ಕಪ್ಪಾಗೇ ಇದ್ದರೆ ಎರಡು ಕಾರಣ ಇರಬಹುದು. ಒಂದು ಜಿಡ್ಡು: ಒಂದು ರಾತ್ರಿ ಈಥೈಲ್ ಅಸಿಟೇಟ್‌ನಲ್ಲಿಟ್ಟರೆ ಬಿಡುತ್ತದೆ. ಕಾಗದದ ಮೊನೆಗೆ ಅಂಟಿಸುವ ಮುಂಚೆಯೇ ಮಾಡಿ, ಅಂಟು ಕರಗೀತು. ಇನ್ನೊಂದು ಬಲೆಯೊಳಗಿನ ಕೆಸರಿನಲ್ಲಿ ಉಜ್ಜಿಹೋಗಿರೋದು: ಹಾಗಾಗಿದ್ದರೆ ಉಬ್ಬಿನ ಮೇಲೆ ಪುಡಿ ಇರಲ್ಲ, ಕಣ್ಣಂಚಿನ ತಗ್ಗಿನಲ್ಲಿ ಮಾತ್ರ ಉಳಿದಿರುತ್ತದೆ. ತಗ್ಗಿನಲ್ಲೂ ಇಲ್ಲ ಅಂದರೆ ಆಗ ಮಾತಾಡೋಣ.

ಬೆಳಕಿಗೆ ಅರ್ಧ ಕತ್ತರಿಸಿದ ಪಿಂಗ್‌ಪಾಂಗ್ ಚೆಂಡು ಅಥವಾ ಟ್ರೇಸಿಂಗ್ ಕಾಗದ ಅಡ್ಡ ಹಿಡಿಯಿರಿ. ಈ ಬೆಳ್ಳಿ ನೋಡುವ ಕೋನಕ್ಕೆ ತಕ್ಕಂತೆ ಬರುತ್ತೆ, ಹೋಗುತ್ತೆ. ವಿವರಣೆಯಲ್ಲಿ 'ಮುಖ ಬೆಳ್ಳಿ' ಎಂದು ಬಿಡದೆ, ಮುಂದಿನಿಂದ ನೋಡಿದ್ದೋ ಮೇಲಿನಿಂದ ನೋಡಿದ್ದೋ ಬರೆಯಿರಿ.

ಸೂಜಿಮೊನೆ

ಕೆಒಎಚ್ ವಿಚಾರ. ನೇರ ಉರಿ ಬೇಡ. ಚಿಕ್ಕ ಬಾಟಲಿಯಲ್ಲಿ ದ್ರಾವಣ ಹಾಕಿ, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಡಿ. 5 ನಿಮಿಷಕ್ಕೊಮ್ಮೆ ನೋಡಿ, ಸ್ನಾಯು ಕರಗಿ ಒಳಗಿನ ಗಟ್ಟಿ ಭಾಗ ಕಂದಾಗಿ ಕಂಡ ತಕ್ಷಣ ತೆಗೆಯಿರಿ. ಅವಸರ ಇಲ್ಲದಿದ್ದರೆ ಬಿಸಿಯೇ ಬೇಡ, ಕೋಣೆಯ ತಾಪದಲ್ಲಿ ಒಂದು ರಾತ್ರಿ ಬಿಟ್ಟರೆ ಸಾಕು. ಬಳಿಕ ನೀರು, ಒಂದೆರಡು ಹನಿ ಅಸಿಟಿಕ್ ಆಮ್ಲ ಹಾಕಿದ ನೀರಿನಲ್ಲಿ ಕೆಲವು ನಿಮಿಷ, ಶೇ. 70ರ ಎಥನಾಲ್, ಗ್ಲಿಸರಿನ್. ಎಥನಾಲ್‌ನಿಂದ ನೇರ ಗ್ಲಿಸರಿನ್‌ಗೆ ಹಾಕಿದರೆ ಪೊರೆ ಮುದುಡುತ್ತದೆ. ಎರಡನ್ನೂ ಸಮಸಮ ಬೆರೆಸಿ ಅದರಲ್ಲಿಟ್ಟು, ಎಥನಾಲ್ ಆರಿಹೋಗಲು ಬಿಡಿ.

ಗಂಡು 1 ಪೂರ್ತಿ ಹಾಳಾಗಿಲ್ಲ. ಶೇ. 70ರ ಎಥನಾಲ್‌ನಲ್ಲಿ ಕರಗಿಸಿದ ಶೇ. 1ರ ಕ್ಲೋರಜಾಲ್ ಬ್ಲ್ಯಾಕ್ ಬಣ್ಣದಲ್ಲಿ ಅರ್ಧ ನಿಮಿಷ ಅದ್ದಿ ತೊಳೆಯಿರಿ, ಪೊರೆ ಬಣ್ಣ ಹಿಡಿದು ಅಂಚು ಕಾಣುತ್ತದೆ. ಕಳಚಿದ ಗೋನೈಟ್ ಅದೇ ಮೈಕ್ರೋವಯಲ್‌ಗೆ (ಬಿಡಿಸಿದ ಭಾಗ ಇಡುವ ಪುಟ್ಟ ಶೀಶೆ) ಹಾಕಿ, ಎಸೆಯಬೇಡಿ.

ಈಗ 1.5 ಮತ್ತು 1.9. ಅಳೆದಾಗ ತುಣುಕು ವಾಲಿತ್ತಾ? ಬುಡ ಫೋಕಸ್ ಆದಾಗ ತುದಿಯೂ ಫೋಕಸ್ ಆಗಿತ್ತಾ? ಫೈನ್ ಫೋಕಸ್ ಗುಂಡಿಯ ಮೇಲಿನ ಅಂಕಿ ಎಷ್ಟು ಓಡಿತು ಹೇಳಿ.

ಇನ್ನೊಂದು: ಅದನ್ನು ಸರ್‌ಸ್ಟೈಲಸ್ ಎಂದು ಕರೆಯುವ ಮುಂಚೆ ಎಪಾಂಡ್ರಿಯಂ (ಗಂಡಿನ ಹೊಟ್ಟೆಯ ತುದಿಯ ಮೇಲ್ಚಿಪ್ಪು) ಜೊತೆ ಸೇರುವ ಗೆರೆ ಇದೆಯಾ ನೋಡಿ. ದಂಡೆ ನೊಣಗಳಲ್ಲಿ ಎರಡೂ ಬೆಸೆದುಕೊಂಡಿರೋದು ಉಂಟು. ಎಲ್ಲಿಂದ ಅಳೆದಿರಿ ಎಂದು ಚಿತ್ರದಲ್ಲಿ ಗೆರೆ ಹಾಕದಿದ್ದರೆ ನಿಮ್ಮ 1.5 ಬೇರೆಯವರಿಗೆ ಉಪಯೋಗಕ್ಕೆ ಬರಲ್ಲ. ಹಳೆಯ ಪ್ರಬಂಧಗಳಲ್ಲೂ ಹೊಸದರಲ್ಲೂ ಒಂದೇ ಭಾಗಕ್ಕೆ ಬೇರೆ ಬೇರೆ ಹೆಸರಿದೆ, ಒಂದೇ ಹೆಸರನ್ನು ಬೇರೆ ಭಾಗಕ್ಕೆ ಇಟ್ಟಿದ್ದೂ ಇದೆ. ಹೆಸರು ನಂಬಬೇಡಿ, ಚಿತ್ರ ನೋಡಿ.

ಕೆಸರುದಂಡೆ

ಗೆರೆ ಇದೆ, ತೆಳ್ಳಗೆ. ಅಲ್ಲಿಂದಲೇ ಅಳೆದಿದ್ದೆ. ಅಗಲ 53 ಮೈಕ್ರಾನ್, ಉದ್ದ 80. ಬುಡದಿಂದ ತುದಿಗೆ ಫೋಕಸ್ ಗುಂಡಿ 41 ಮೈಕ್ರಾನ್ ಓಡುತ್ತದೆ. ಒಣ ಆಬ್ಜೆಕ್ಟಿವ್, ತುಣುಕು ಗ್ಲಿಸರಿನ್‌ನಲ್ಲಿ.

ಸೂಜಿಮೊನೆ

ಸಿಕ್ಕಿತು ನೋಡಿ. ಗುಂಡಿಯ 41 ನಿಜವಾದ ಆಳ ಅಲ್ಲ. ಆಬ್ಜೆಕ್ಟಿವ್ ಗಾಳಿಯಲ್ಲಿದೆ, ವಸ್ತು ಗ್ಲಿಸರಿನ್‌ನಲ್ಲಿದೆ. ಗ್ಲಿಸರಿನ್‌ನ ವಕ್ರೀಭವನ ಸೂಚ್ಯಂಕ 1.47. ಅಂದಾಜಿಗೆ 41 × 1.47 = 60 ಮೈಕ್ರಾನ್ ಆಳ. ನೀವು ಅಳೆದ 80 ಬರೀ ಅದರ ನೆರಳಿನ ಉದ್ದ. 80 ಮತ್ತು 60 ಎರಡು ಬದಿ, ನಿಜವಾದ ಉದ್ದ ಕರ್ಣ: 100. ಭಾಗಿಸು 53 ಅಂದರೆ 1.9. ತುಣುಕು ಸುಮಾರು 37 ಡಿಗ್ರಿ ವಾಲಿತ್ತು. ನಿಮ್ಮ ಹೊಸ ಪ್ರಭೇದದ ಅರ್ಧ ಅಲ್ಲೇ ಹೋಯಿತು!

ಈ ಲೆಕ್ಕ ಅನುಮಾನ ಪರಿಹಾರಕ್ಕೆ ಮಾತ್ರ, ಪ್ರಬಂಧದಲ್ಲಿ ಹಾಕೋಕಲ್ಲ. ಅಳತೆ ಬೇಕಾದರೆ ಕುಳಿಯಿರುವ ಸ್ಲೈಡ್‌ನಲ್ಲಿ ಗ್ಲಿಸರಿನ್ ಜೆಲ್ಲಿಯ ಸಣ್ಣ ಚೂರಿಟ್ಟು, ಅದರಲ್ಲಿ ತುಣುಕನ್ನು ಚುಚ್ಚಿ ನಿಲ್ಲಿಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಕೂಡ ನಡೆಯುತ್ತೆ, ಬೇಗ ಆರುತ್ತೆ ಅಷ್ಟೇ. ಹಿಂದಿನಿಂದ ನೋಡುವಾಗ ಎಪಾಂಡ್ರಿಯಂನ ಎಡ, ಬಲ ಅಂಚು ಒಟ್ಟಿಗೇ ಫೋಕಸ್ ಆಗಬೇಕು. ಆಮೇಲೆ 90 ಡಿಗ್ರಿ ತಿರುಗಿಸಿ ಪಕ್ಕದ ನೋಟ. ಕವರ್‌ಸ್ಲಿಪ್ ಒತ್ತಬೇಡಿ: ಒತ್ತಿದರೆ ಎಲ್ಲ ಚಪ್ಪಟೆಯಾಗಿ ಅಗಲವಾಗುತ್ತದೆ, ಆ ಅಗಲಕ್ಕೂ ಯಾರೋ ಒಬ್ಬರು ಹೆಸರಿಟ್ಟಾರು.

ಹಳೇ ಲೇಬಲ್

ಎಲ್ಲರೂ ಒಂದು ಬಿಟ್ಟಿರಿ. ಹೋಲಿಕೆಗೆ ಇಟ್ಟುಕೊಂಡಿರೋ ಆ ಗಂಡು ಕ್ಯಾಲಿಬೆಸೆನ್ಸ್ ಎಂದು ಗುರುತಿಸಿದವರು ಯಾರು, ಏನು ನೋಡಿ? ಚೀಟಿ ಇದೆ ಅಂದ ಮಾತ್ರಕ್ಕೆ ಅದೇ ಆಗಬೇಕಿಲ್ಲ. ಹೋಲಿಸಬೇಕಾದ್ದು ಕೀಟಶಾಸ್ತ್ರಜ್ಞ ಲೋವ್ 1862ರಲ್ಲಿ ಹೆಸರಿಟ್ಟ ಮಾದರಿಗೆ, ಅಂದರೆ ಟೈಪ್‌ಗೆ. ಅದರ ಮುಖ, ಮುಂಗಾಲು, ಚೀಟಿಗಳ ಫೋಟೊ ಕೇಳಿ. ಅದನ್ನು ಇಟ್ಟಿರುವ ಸಂಗ್ರಹದ ಮೇಲ್ವಿಚಾರಕರಿಗೆ ಬರೆಯುವಾಗ ಯಾವ ಕೋನ ಬೇಕು ಎಂದು ಚಿತ್ರ ಬಿಡಿಸಿ ಕಳಿಸಿ, ಒಂದೇ ಸಲಕ್ಕೆ ಕೆಲಸ ಆಗುತ್ತದೆ.

ಸಾಹಿತ್ಯದ ಬಗ್ಗೆ. 2021ರ ಆಫ್ರೋಟ್ರಾಪಿಕಲ್ ಡಿಪ್ಟೆರಾ (ಸಹಾರಾದ ದಕ್ಷಿಣದ ಆಫ್ರಿಕಾದ ನೊಣ, ಸೊಳ್ಳೆಗಳ) ಕೈಪಿಡಿಯ ಮೂರನೇ ಸಂಪುಟದ ಕೀಲಿ, ಅಂದರೆ ಹಂತ ಹಂತವಾಗಿ ಗುರುತಿಸುವ ಪಟ್ಟಿ, ಕುಲದವರೆಗೆ ಮಾತ್ರ. ಕ್ಲಾಸೆನ್ 1977ರ ಆಕ್ಥೆರಾ ಪರಿಷ್ಕರಣೆ ಮುಖ್ಯವಾಗಿ ಅಮೆರಿಕ ಖಂಡಗಳು ಮತ್ತು ಪೇಲಿಯಾರ್ಕ್ಟಿಕ್ ವಲಯದ್ದು (ಯುರೋಪ್, ಉತ್ತರ ಏಷ್ಯಾ, ಉತ್ತರ ಆಫ್ರಿಕಾ). ಅದರಲ್ಲಿ ಉಳಿದ ಆಫ್ರಿಕಾದ್ದು ಒಂದೇ ಪ್ರಭೇದ, ಜೊತೆಗೆ ಭಾರತದ ಒಂದು ಹೊಸದು. ಆ ಕೀಲಿಯಲ್ಲಿ ಆಫ್ರಿಕಾದ ನೊಣ ಓಡಿಸಿದರೆ ಎಲ್ಲೋ ಒಂದು ಕಡೆ ನಿಲ್ಲುತ್ತೆ, ಆದರೆ ಆ ಉತ್ತರಕ್ಕೆ ಬೆಲೆ ಇಲ್ಲ. ಮ್ಯಾಥಿಸ್ ಮತ್ತು ಜಾಟ್ವಾರ್ನಿಟ್ಸ್ಕಿಯವರ 1995ರ ವಿಶ್ವ ಪಟ್ಟಿ ತೆಗೆದು ಆಫ್ರಿಕಾದ ಪ್ರತಿ ಹೆಸರನ್ನೂ ನೋಡಿ, ಸಮಾನನಾಮ (ಒಂದೇ ಪ್ರಭೇದಕ್ಕೆ ಇಟ್ಟ ಇನ್ನೊಂದು ಹೆಸರು) ಎಂದು ಕೆಳಗೆ ತಳ್ಳಿರೋ ಹೆಸರುಗಳನ್ನೂ ಬಿಡಬೇಡಿ. ನಿಮ್ಮ ನೊಣಕ್ಕೆ ಯಾರೋ ನೂರು ವರ್ಷದ ಹಿಂದೆಯೇ ಹೆಸರಿಟ್ಟು, ಇನ್ಯಾರೋ ಅದನ್ನು ಮುಚ್ಚಿಹಾಕಿರಬಹುದು. 1995ರ ನಂತರ ಬಂದದ್ದನ್ನು ಬೇರೆಯಾಗಿ ಹುಡುಕಬೇಕು. ಏಷ್ಯಾದ ಪ್ರಭೇದಗಳನ್ನೂ ನೋಡಿ, ಈ ಕುಟುಂಬದಲ್ಲಿ ಎರಡೂ ಖಂಡಗಳಲ್ಲಿ ಇರುವಂಥವು ಬೇಕಾದಷ್ಟಿವೆ.

ಒಂದು ಪಕ್ಕದ ಮಾತು: ಪಶ್ಚಿಮ ಕೆನ್ಯಾದಲ್ಲೇ ಕ್ಯಾಲಿಬೆಸೆನ್ಸ್ ಮಲೇರಿಯಾ ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುವುದನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಆ ಹೆಸರು ಕೀಟಶಾಸ್ತ್ರದ ಆಚೆಗೂ ಬಳಕೆಯಲ್ಲಿದೆ ಎಂದಾಯಿತು. ಅಲ್ಲಿಂದ ಇನ್ನೊಂದು ಪ್ರಭೇದ ಬೇರ್ಪಡಿಸುವುದಾದರೆ ಹುಷಾರಾಗಿ ಬೇರ್ಪಡಿಸಿ.

ಕೆಸರುದಂಡೆ

ಒಣಗಿಸಿದೆ, ಉಳಿದ ಮೂರು ಗಂಡನ್ನೂ ಬಿಡಿಸಿದೆ.

ಬೆಳ್ಳಿ ಏಳರಲ್ಲೂ ಬಂತು. ಸರ್‌ಸ್ಟೈಲಸ್ ನೆಟ್ಟಗೆ ನಿಲ್ಲಿಸಿದಾಗ ನಾಲ್ಕರಲ್ಲೂ 1.8ರಿಂದ 1.9. ಗಂಡು 2ರ ಹಣೆಯ ಸೀಳಿನಿಂದ ಚೀಲ ಸ್ವಲ್ಪ ಹೊರಗೇ ಇದೆ, ರೆಕ್ಕೆ ಸುಕ್ಕು. ಪ್ಯೂಪಾ ಕೋಶದಿಂದ ಆಗಷ್ಟೇ ಹೊರಬಂದದ್ದು, ಪ್ಯಾಲ್ಪ್ ಬಣ್ಣ ಅದಕ್ಕೇ ತೆಳು.

ಆದರೆ ಗಂಡು 3 ಮಾತ್ರ ಬೇರೆ ಥರ. ಮುಂಗಾಲಿನ ಮೊದಲ ಟಾರ್ಸಸ್ (ಪಾದ) ಗೆಣ್ಣು ದಪ್ಪ: ಉದ್ದ ಅಗಲದ 3.1 ಪಟ್ಟು, ಉಳಿದವು 4.0, 4.2, 4.3. ಎರಡೂ ಕಾಲಲ್ಲಿ ಹಾಗೇ ಇದೆ. ಫ್ಯಾಲಸ್ ತುದಿ ಕೆಳಕ್ಕೆ ಕೊಕ್ಕೆಯಂತೆ ಬಾಗಿದೆ, ಬೇರೆ ಮೂರರಲ್ಲಿ ನೇರ. ದೇಹದ ಉದ್ದ 4.1 ಮಿ.ಮೀ., ಬೇರೆಯವು 3.9ರಿಂದ 4.4.

ಸೂಜಿಮೊನೆ

ಇದು ನೋಡುವಂಥದ್ದು. ಗಾತ್ರದಿಂದ ಬಂದ ವ್ಯತ್ಯಾಸ ಅಲ್ಲ, ಎರಡೂ ಕಾಲಲ್ಲಿ ಇರೋದರಿಂದ ಗಾಯವೂ ಅಲ್ಲ, ಸಂಬಂಧವಿಲ್ಲದ ಎರಡು ಅಂಗ ಒಂದೇ ನೊಣದಲ್ಲಿ ಬೇರೆಯಾಗಿವೆ. ಕೊಕ್ಕೆ ಮಾತ್ರ ಕೆಒಎಚ್‌ನಲ್ಲಿ ಪೊರೆ ಎಳೆದು ಆಗಿರಬಹುದು. ನೀರಿಗೆ ವಾಪಸ್ ಹಾಕಿ ಹತ್ತು ನಿಮಿಷ ಬಿಡಿ. ಗಟ್ಟಿ ಭಾಗವೇ ಬಾಗಿದ್ದರೆ ಕೊಕ್ಕೆ ಹಾಗೇ ಉಳಿಯುತ್ತದೆ.

ಉಳಿದರೂ ಒಂದೇ ಗಂಡಿನ ಮೇಲೆ ಬರೆಯಬೇಡಿ. ನಿಯಮ ಅಡ್ಡ ಬರಲ್ಲ, ಒಂದೇ ಮಾದರಿಯಿಂದಲೂ ಪ್ರಭೇದ ವಿವರಿಸಬಹುದು. ಆದರೆ ಅದೇ ದಂಡೆಯಲ್ಲಿ ಇನ್ನೂ ಹತ್ತು ಗಂಡು ಹಿಡಿಯಲು ಸಾಧ್ಯವಿರುವಾಗ ಯಾಕೆ ಅವಸರ? ನಡುವಿನ ಅಳತೆ, ಅಂದರೆ 3.5, 3.7 ಇರುವವು ಸಿಕ್ಕರೆ ಕಥೆ ಅಲ್ಲಿಗೆ ಮುಗಿಯಿತು. ಹೆಣ್ಣುಗಳನ್ನು ಈಗಲೇ ಯಾವ ಕಡೆಗೂ ಸೇರಿಸಬೇಡಿ.

ಹಳೇ ಲೇಬಲ್

ಬರೆಯುವ ಹಂತ ಬಂದರೆ: 'ಹೊಸ ಪ್ರಭೇದ' ಎಂದು ಸ್ಪಷ್ಟವಾಗಿ ಹೇಳಬೇಕು, ಹತ್ತಿರದವುಗಳಿಂದ ಬೇರ್ಪಡಿಸುವ ಲಕ್ಷಣ ಪದಗಳಲ್ಲಿ ಇರಬೇಕು. 1999ರ ನಂತರದ ಹೆಸರುಗಳಿಗೆ ಹೋಲೋಟೈಪ್ (ಹೆಸರು ನಿಂತಿರುವ ಒಂದೇ ಮಾದರಿ) ಯಾವುದು, ಯಾವ ಸಂಗ್ರಹದಲ್ಲಿದೆ ಎಂದು ತಿಳಿಸದಿದ್ದರೆ ಹೆಸರೇ ಸಿಂಧು ಆಗಲ್ಲ. ಪತ್ರಿಕೆ ಆನ್‌ಲೈನ್ ಮಾತ್ರ ಆದರೆ ಪ್ರಾಣಿಹೆಸರುಗಳ ಆನ್‌ಲೈನ್ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿ ಮೊದಲೇ ಆಗಿ, ಅದರ ಗುರುತು ಪ್ರಬಂಧದೊಳಗೇ ಅಚ್ಚಾಗಿರಬೇಕು.

ಅನುಪಾತಗಳಿಗೆ ಈ ಕುಟುಂಬದಲ್ಲಿ ರೂಢಿ ಹೀಗೆ: ಅತಿ ದೊಡ್ಡದು, ಅತಿ ಚಿಕ್ಕದು, ಇನ್ನೊಂದು, ಹೀಗೆ ಮೂರು ಮಾದರಿ. ಕಾಸ್ಟಾ ಅನುಪಾತ ಅಂದರೆ ರೆಕ್ಕೆಯ ಆರ್2+3 ಮತ್ತು ಆರ್4+5 ನಾಳಗಳ ತುದಿಗಳ ನಡುವಿನ ನೇರ ದೂರವನ್ನು ಆರ್1 ಮತ್ತು ಆರ್2+3 ತುದಿಗಳ ನಡುವಿನ ದೂರದಿಂದ ಭಾಗಿಸಿದ್ದು. ಎಂ ನಾಳದ ಅನುಪಾತ, ಎರಡು ಅಡ್ಡನಾಳಗಳ ನಡುವಿನ ಉದ್ದವನ್ನು ಡಿಎಂ-ಸಿಯು ಅಡ್ಡನಾಳ ದಾಟಿದ ಮೇಲಿನ ಉದ್ದದಿಂದ ಭಾಗಿಸಿದ್ದು. ತಿರುವುಮುರುವು ಮಾಡಿದವರು ಬಹಳ ಜನ. ರೆಕ್ಕೆ ಮಡಿಚಿದ್ದರೆ ಅಳೆಯಲೇಬೇಡಿ, ಗಂಡು 2 ಹಾಗಾಗಿ ಲೆಕ್ಕಕ್ಕಿಲ್ಲ.

ಮೈಕ್ರೋವಯಲ್ ಅದೇ ನೊಣದ ಸೂಜಿಯಲ್ಲೇ ಇರಲಿ. ಹೋಲೋಟೈಪ್ ನೈರೋಬಿಯ ನ್ಯಾಷನಲ್ ಮ್ಯೂಸಿಯಮ್ಸ್‌ಗೆ ಹೋಗುವುದು ಸರಿಯಾದ ದಾರಿ, ಸಂಗ್ರಹದ ಅನುಮತಿ ಸಂಖ್ಯೆ ಪ್ರಬಂಧದಲ್ಲಿ ಬರೆಯಿರಿ. ಮನಸ್ಸಿನಲ್ಲಿರೋ ಹೆಸರನ್ನು ಇಲ್ಲಿ ಬರೆಯಬೇಡಿ, ಸುಮ್ಮನೆ ಗೊಂದಲ. ಆಕ್ಥೆರಾ ಸ್ತ್ರೀಲಿಂಗ ಅನ್ನೋದಷ್ಟು ನೆನಪಿರಲಿ, ವಿಶೇಷಣದ ಕೊನೆ ಅದಕ್ಕೆ ಹೊಂದಬೇಕು.

ಕೆಸರುದಂಡೆ

ನೀರಲ್ಲಿಟ್ಟೆ, ಕೊಕ್ಕೆ ಹಾಗೇ ಇದೆ. ಮುಂದಿನ ಸಂಗ್ರಹಕ್ಕೆ ಶೇ. 95ರ ಎಥನಾಲ್ ಹೇಳಿದ್ದೇನೆ. ಗಂಡು 3ರಿಂದ ಈಗಲೇ ಸಿಒಐ (ಪ್ರಭೇದ ಗುರುತಿಸಲು ಬಳಸುವ ಡಿಎನ್‌ಎ ತುಣುಕು) ತೆಗೆಯಬೇಕು. ಹೊಟ್ಟೆ ಕೆಒಎಚ್‌ಗೆ ಹೋಗಿಯಾಯ್ತು, ಯಾವ ಕಾಲು ಕೀಳಲಿ?

ಗ್ಲಿಸರಿನ್ ಹನಿ

ಬಲಗಡೆಯ ನಡುಗಾಲು. ಮುಂಗಾಲು ಮುಟ್ಟಬೇಡಿ, ನಿಮ್ಮ ಪ್ರಭೇದ ಸದ್ಯಕ್ಕೆ ಇರೋದೇ ಅದರಲ್ಲಿ. ಮುಂದಿನ ಗಂಡುಗಳಿಗೆ ಕಾಲೇ ಬೇಕಿಲ್ಲ: ಹೊಟ್ಟೆಯನ್ನು ಪ್ರೋಟಿನೇಸ್ ಕೆ (ಪ್ರೋಟೀನ್ ಕರಗಿಸುವ ಕಿಣ್ವ) ಬಫರ್‌ನಲ್ಲಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಇಡಿ. ಡಿಎನ್‌ಎ ದ್ರವಕ್ಕೆ ಬರುತ್ತೆ, ಸ್ನಾಯುವೂ ಕರಗುತ್ತೆ. ಆಮೇಲೆ ಕೆಒಎಚ್ ಬೇಕಾದರೂ ಐದೇ ನಿಮಿಷ ಸಾಕು.